ಒಂದು ಪದ್ಯದಷ್ಟು ಹೊತ್ತು

ನಾನೊಂದು ಸಾಬೂನು. ಮೈಮೇಲೆ ಕಂಪನಿಯ ಹೆಸರಿಲ್ಲ, ಹೊಳೆಯುವ ಹೊದಿಕೆಯಿಲ್ಲ. ಕೊರೊನಾ ಕಾಲದಲ್ಲಿ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೊಬ್ಬರಿ ಎಣ್ಣೆಯೂ ಕಾಸ್ಟಿಕ್ ಸೋಡಾವೂ ಕೂಡಿ ಹುಟ್ಟಿದೆ. ನನ್ನನ್ನು ಮಾಡಿದವಳು ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ದಾನೇಶ್ವರಿ. ಘಮ ಬರಲೆಂದು ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಕೈ ಬಿಚ್ಚಿ ಸುರಿದಳು. ಖಾಲಿ ಹಾಲಿನ ಪೊಟ್ಟಣದಲ್ಲಿ ಗಟ್ಟಿಯಾಗಿ, ಕಪಾಟಿನ ಮೇಲೆ ವಾರಗಟ್ಟಲೆ ಒಣಗಿ, ಕೊನೆಗೆ ಹುಡುಗಿಯರ ಹಾಸ್ಟೆಲಿಗೆ ಬಂದೆ. ಮೆಸ್ಸಿನ ನಲ್ಲಿಯ ಪಕ್ಕ ನನಗೆ ಜಾಗ ಸಿಕ್ಕಿತು.

ಪರೀಕ್ಷೆಗೆಂದು ಕೊನೆಯ ವರ್ಷದವರನ್ನಷ್ಟೇ ಮರಳಿ ಕರೆಸಿದ್ದರು. ಇಪ್ಪತ್ತು ಸೆಕೆಂಡು ಕೈ ತೊಳೆಯಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಬೆರಳ ತುದಿಯಿಂದ ಸೋಕಿ ಊಟಕ್ಕೆ ಓಡುತ್ತಿದ್ದರು. ದಾನೇಶ್ವರಿಯ ಕೋಣೆಯಲ್ಲೇ ಇದ್ದ ಶಿವಲೀಲಾ, ಕನ್ನಡ ಎಂ.ಎ. ಹುಡುಗಿ, ಒಂದು ದಿನ ನಲ್ಲಿಗೆ ಅಡ್ಡ ನಿಂತಳು.

“ಎಣಿಸೂದು ಬ್ಯಾಡ. ಒಂದು ಷಟ್ಪದಿ ಪೂರಾ ಅನ್ರಿ, ಅಲ್ಲೀತನಾ ತಿಕ್ರಿ. ಕಡೀ ಸಾಲು ನುಂಗಂಗಿಲ್ಲ.”

“ನಿನ್ನ ಪದ್ಯ ಮುಗಿಯೂದ್ರಾಗ ಚಪಾತಿ ಚಪ್ಪಲಿ ಆಗಿರ್ತಾವ ಬಿಡವಾ!” ಎಂದಳು ಸಾಲಿನಲ್ಲಿದ್ದ ಒಬ್ಬಳು.

ನಗುತ್ತಲೇ ಎಲ್ಲರೂ ಶುರು ಮಾಡಿದರು. ಆದರೆ ಹಾಡುವ ಹುರುಪಿನಲ್ಲಿ ಮಾಸ್ಕುಗಳು ಗದ್ದಕ್ಕಿಳಿದವು. ದಾನೇಶ್ವರಿ ಹೌಹಾರಿದಳು.

“ಏ ಪುರಾಣದಕ್ಕಾ, ಕೈ ತೊಳಕೋತ ಒಬ್ರ ಮಾರಿ ಮ್ಯಾಲೆ ಒಬ್ರು ಉಗುಳಾಕತ್ತೀರಲ್ಲ! ಮಾಸ್ಕ್ ಏರಿಸು. ನಿನಗ ಮೊದಲ ದಮ್ಮು.”

ಶಿವಲೀಲಾಳಿಗೆ ಚಿಕ್ಕಂದಿನಿಂದ ಉಬ್ಬಸ. ಅಂದಿನಿಂದ ಪದ್ಯ ಮನಸ್ಸಿನೊಳಗೆ ಸೇರಿತು. ನನಗೆ ಮಾತ್ರ ಕೇಳುತ್ತಿತ್ತು. ಬೆರಳುಗಳು ಲಯ ಹಿಡಿದು ತಿರುಗುತ್ತಿದ್ದವು, ಕೊನೆಯ ಸಾಲಿಗೆ ಬಂದಾಗ ನಿಧಾನವಾಗುತ್ತಿದ್ದವು. ಪೂಜೆಯ ಹೊತ್ತಿನ ಮನೆಯಲ್ಲಿ ಕುಳಿತಂತೆ ನಾನು ಸುಮ್ಮನೆ ಕುಳಿತು ಕೇಳುತ್ತಿದ್ದೆ.

ದಾನೇಶ್ವರಿಯ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ. ನಲ್ಲಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ನೊರೆ ಬರಿಸುತ್ತಿದ್ದವಳು ತಟ್ಟನೆ ನಿಂತಳು. ಮಾಸ್ಕ್ ಸರಿಸಿ ನನ್ನನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಅಷ್ಟರಲ್ಲಿ ಶಿವಲೀಲಾ ಬಾಗಿಲಲ್ಲಿ ಕಾಣಿಸಿಕೊಂಡಳು.

“ಅಲ್ಲೇ ನಿಲ್ಲು! ಒಳಗ ಬರಬ್ಯಾಡ.”

“ಯಾಕ, ಏನಾತು?”

“ನನಗ ಸೋಪಿನ ವಾಸನಿ ಹತ್ತವಲ್ದು.”

ಶಿವಲೀಲಾ ಹೊಸ್ತಿಲಲ್ಲೇ ನಿಂತಳು. “ನೆಗಡಿ ಇರಬೇಕು. ಇವತ್ತೊಂದು ಪರೀಕ್ಷಾ ಮುಗಿಸಿ ಬಾ, ಆಮ್ಯಾಲೆ ಹೇಳೂಣು. ತಪ್ಪಿದ್ರ ಒಂದು ವರ್ಷ ಹೋಗ್ತದ, ದಾನಿ.”

ನನ್ನನ್ನು ಹಿಡಿದ ಹೆಬ್ಬೆರಳಿನಲ್ಲಿ ನಾಡಿ ಓಡುತ್ತಿತ್ತು. ಆದರೆ ಹಿಡಿತ ಸಡಿಲವಾಗಲಿಲ್ಲ.

“ಹೋಗ್ಲಿ. ವರ್ಷ ಮತ್ತ ಬರ್ತದ. ನಿನ್ನ ಉಸಿರು ನಿಂತ್ರ ನಾ ಎಲ್ಲಿಂದ ತರ್ಲಿ? ಲ್ಯಾಬಿನ್ಯಾಗ ಉಳಿದವರೂ ಅದಾರ. ನೀನೂ ಟೆಸ್ಟ್ ಮಾಡಿಸು. ಅಲ್ಲಿಂದನ ವಾರ್ಡನ್ ಮೇಡಮ್ಮಗ ಫೋನ್ ಹಚ್ಚು.”

ಮತ್ತೊಬ್ಬರು ಮುಟ್ಟಬಾರದೆಂದು ನನ್ನನ್ನೂ ಎತ್ತಿಕೊಂಡು ಹಿಂದಿನ ಸಾಲಿನ ಒಂಟಿ ಕೋಣೆ ಸೇರಿದಳು. ಅವಳಿಗೆ ಸೋಂಕು ಇರುವುದು ಖಚಿತವಾಯಿತು. ಪರೀಕ್ಷೆ ಅವಳಿಲ್ಲದೆಯೇ ನಡೆಯಿತು. ಜ್ವರದಲ್ಲಿ ಗೋಡೆ ಹಿಡಿದು ಆ ಕೋಣೆಯ ನಲ್ಲಿಗೆ ಬಂದಾಗಲೂ ಅವಳು ಕೊನೆಯ ಸಾಲು ನುಂಗಲಿಲ್ಲ. ನಾನು ಸವೆಯುತ್ತ ಹೋದೆ, ಅವಳು ಚೇತರಿಸಿಕೊಂಡಳು. ಆದರೂ ಕಿವಿ ಸದಾ ಕಿಟಕಿಯ ಕಡೆಗೇ ಇತ್ತು.

ಒಂದು ಮಧ್ಯಾಹ್ನ ಅಂಗಳದಿಂದ ಶಿವಲೀಲಾಳ ಕೂಗು ಕೇಳಿತು. “ದಾನೀ! ನಂದು ಎರಡನೇ ಸಲಾನೂ ನೆಗೆಟಿವ್ ಬಂತು! ದಮ್ಮೂ ಇಲ್ಲ, ಏನೂ ಇಲ್ಲ!”

“ಹಂಗಾರ ಒದರಿ ದಮ್ಮು ಬರಿಸ್ಕೋಬ್ಯಾಡ!” ಎಂದು ಕೂಗಿದವಳು ಕಿಟಕಿಯ ಕೆಳಗೆ ಕುಸಿದು ಕುಳಿತು ಅತ್ತಳು. ಆಮೇಲೆ ಎದ್ದು ಮುಖ ತೊಳೆದುಕೊಂಡು, ಮುಂದಿನ ಸಲದ ಪರೀಕ್ಷೆಗೆ ಪುಸ್ತಕ ಬಿಚ್ಚಿದಳು.

ಕೋಣೆ ಬಿಡುವ ದಿನ ನಾನು ಉಗುರಿನಷ್ಟು ತೆಳ್ಳಗಾಗಿದ್ದೆ. ನನ್ನನ್ನು ಬಟ್ಟೆಯಲ್ಲಿಟ್ಟುಕೊಂಡು ನಲ್ಲಿ ಉಜ್ಜಿದಳು, ಕಿಟಕಿಯ ಸರಳು ಉಜ್ಜಿದಳು, ಕೊನೆಗೆ ಬಾಗಿಲ ಚಿಲಕ. “ಮುಂದ ಯಾರು ಬರ್ತಾರೋ ಪಾಪ” ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಈಗ ನಾನು ಚಿಲಕದ ಸಂದಿಯಲ್ಲಿ ಒಣಗಿದ ಒಂದು ಬಿಳಿ ಗೆರೆ. ನಾಳೆ ಈ ಬಾಗಿಲು ತೆರೆಯುವವಳಿಗೆ ನಾನಿದ್ದೆನೆಂದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಅವಳ ಕೈಗೆ ಇಲ್ಲಿಂದ ಏನೂ ಅಂಟದಿದ್ದರೆ ನನಗೆ ಅಷ್ಟು ಸಾಕು.