ಟಿವಿಗೆ ಹಚ್ಚಿದ ವಿಭೂತಿ

ದಾಕ್ಷಾಯಿಣಿಯ ಮನೆಯಲ್ಲಿ ಸೋಮವಾರಕ್ಕೊಮ್ಮೆ ಟಿವಿಗೂ ವಿಭೂತಿ ಬೀಳುತ್ತಿತ್ತು. ನಗಬೇಡಿ. ಬನವಾಸಿ ಕಡೆಯ ಆ ಊರಿಗೆ ಮೊದಲ ಟಿವಿ ತಂದವನು ಅವಳ ಅಪ್ಪ ಬಸಪ್ಪ. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಬರುವ ಹೊತ್ತಿಗೆ ಪಡಸಾಲೆ ಸಾರಿಸಿ, ಪೆಟ್ಟಿಗೆಗೆ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದ ಮೇಲೆಯೇ ಗುಂಡಿ ತಿರುಗಿಸುವುದು. ಊರವರು ಅಂಗಳದಲ್ಲಿ ಚಪ್ಪಲಿ ಬಿಟ್ಟು ಬಂದು, ಕೈಮುಗಿದು ಕೂರುತ್ತಿದ್ದರು. ಮಧ್ಯಾಹ್ನ ಮಕ್ಕಳೆಲ್ಲ ಬಿದಿರಿನ ಬಿಲ್ಲು ಹಿಡಿದು ಅದನ್ನೇ ಆಡುತ್ತಿದ್ದರು. ಹತ್ತು ವರ್ಷದ ದಾಕ್ಷಾಯಿಣಿಗೆ ಪ್ರತಿ ಸಲ ದೇವಿಯ ಪಾತ್ರವೇ ಬೇಕು, ಇಲ್ಲದಿದ್ದರೆ ರಂಪ.

"ಟಿವ್ಯಾಗ ದೇವರು ಬರ್ತಾನ. ಅಲ್ಲಿ ಸುಳ್ಳ ಬರಂಗಿಲ್ಲ," ಎನ್ನುತ್ತಿದ್ದ ಬಸಪ್ಪ. ಅಪ್ಪ ಹೋದ, ಆ ಪೆಟ್ಟಿಗೆಯೂ ಹೋಗಿ ಗೋಡೆಗೆ ನೇತುಬೀಳುವ ಟಿವಿ ಬಂತು, ಮಾತು ಮಾತ್ರ ಉಳಿಯಿತು. ದಾಕ್ಷಾಯಿಣಿ ನೋಡುತ್ತಿದ್ದುದು ಬೆಳಗಿನ ಪೂಜೆ, ಪ್ರವಚನ ಅಷ್ಟೇ. ಸಂಜೆಯ ಮೇಲೆ ಅದರಲ್ಲಿ ಏನೇನು ಬರುತ್ತದೆಂದು ಪುಣ್ಯಾತ್ಗಿತ್ತಿಗೆ ಗೊತ್ತೇ ಇರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಇದ್ದೊಬ್ಬ ಮಗಳು ಶಿವಲೀಲಾಳನ್ನು ಯಲ್ಲಾಪುರದ ವಿನೋದನಿಗೆ ಕೊಟ್ಟಿದ್ದಳು. ಎರಡು ಲಾರಿ ಇದ್ದ ಮನೆ. ಹೋದ ವರ್ಷ ಆ ಮನೆಯ ಹಿತ್ತಲ ಬಾವಿಯಲ್ಲಿ ಮಗಳ ಹೆಣ ತೇಲಿತು. ಕಾಲು ಜಾರಿತು ಎಂದರು ಗಂಡನ ಮನೆಯವರು. ಬೆನ್ನ ಮೇಲಿನ ಬಾಸುಂಡೆ? ಅದು ಬಾವಿಯ ಕಲ್ಲು ತಾಗಿದ್ದಂತೆ! ಹಳೆಯ ಬಾಸುಂಡೆಗೂ ಹೊಸ ಕಲ್ಲಿನ ನೆಪ. ದಾಕ್ಷಾಯಿಣಿ ಆರು ವರ್ಷದ ಮೊಮ್ಮಗಳು ಸಮೃದ್ಧಿಯನ್ನು ಎತ್ತಿಕೊಂಡು ಬಂದಳು. ಈ ಕೂಸು ದೊಡ್ಡದಾದ ಮೇಲೆ ತಾಯಿಯ ಹೆಸರನ್ನು ತಲೆಯೆತ್ತಿ ಹೇಳಬೇಕು, ಅದೊಂದೇ ಅವಳ ಹಂಬಲವಾಗಿತ್ತು.

ಆಗ ಬಂದ ನೋಡಿ, ಚಾನೆಲ್ಲಿನ ಹುಡುಗ ವೈಭವ, ಕ್ಯಾಮೆರಾದವನನ್ನು ಕಟ್ಟಿಕೊಂಡು. "ಶಿವಲೀಲಾ ಅವರ ಕಥೆ ನಾಡಿಗೇ ಗೊತ್ತಾಗಬೇಕಮ್ಮ," ಎಂದ.

ಪಕ್ಕದ ಮನೆಯ ಮುರಿಗೆವ್ವ ಇವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಬ್ಯಾಡ ದಾಕ್ಷಾಯಿಣಿ. ಇವರ ಕಾರ್ಯಕ್ರಮ ನಾ ನೋಡೇನಿ. ಹೆಣಾನೂ ಕುಣಸ್ತಾರ," ಎಂದಳು.

"ಟಿವಿಯವರು ಯಾಕ ಸುಳ್ಳ ಹೇಳ್ತಾರ? ಸುಮ್ಮನಿರು ನೀ," ಎಂದು ದಾಕ್ಷಾಯಿಣಿ ಗದರಿಸಿದಳು. ಹೊರಗೆ ಬಂದು ವೈಭವನಿಗೆ ಕಾಲಿಗೆ ನೀರು ಕೊಟ್ಟು, ಹಣೆಗೆ ವಿಭೂತಿ ಹಚ್ಚಿ, "ಖರೇ ಇದ್ದದ್ದನ್ನ ತೋರಸ್ತೀನಿ ಅಂತ ಹೇಳ್ರಿ," ಎಂದಳು. ವಿಭೂತಿ ಧರಿಸಿ ಆಡಿದ ಮಾತಿಗೆ ಅವರ ಕೇರಿಯಲ್ಲಿ ಯಾರೂ ಇವತ್ತಿನವರೆಗೆ ತಪ್ಪಿದ್ದಿಲ್ಲ.

"ಸತ್ಯಾನೇ ತೋರಿಸ್ತೀವಮ್ಮ," ಎಂದ ವೈಭವ. ಕ್ಯಾಮೆರಾದವನು ಏನೋ ಸನ್ನೆ ಮಾಡಿದ. ವೈಭವ ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಇನ್ನೊಂದ್ಸಲ ಹಚ್ಚಿ ಅಮ್ಮ, ಬೆಳಕು ಸರಿಯಾಗಿ ಬೀಳಲಿಲ್ಲ," ಎಂದ. ಪಾಪ, ಅವಳು ಇನ್ನೊಮ್ಮೆ ಹಚ್ಚಿದಳು.

ಆಮೇಲೆ ಎಲ್ಲ ಹೇಳಿಕೊಂಡಳು, ಹೊಡೆತ, ಉಪವಾಸ, ಎಲ್ಲವನ್ನೂ. "ದಿನಾ ಮಧ್ಯಾಹ್ನ ಅತ್ತಿ ಮಲಗಿದ ಮ್ಯಾಲೆ ಬಾವಿ ಹಿಂದ ನಿಂತು ನನಗ ಫೋನ್ ಮಾಡ್ತಿದ್ಲರೀ. ಸಣ್ಣ ದನಿಯಾಗ. ಏಟು ಬಿದ್ದದ್ದು ಹೇಳೂಕಿಂತ ಮೊದಲ ಏನರ ಅಂದು ನನ್ನ ನಗಸ್ತಿದ್ಲು."

ವೈಭವ ನೆಟ್ಟಗೆ ಕುಳಿತ. "ಬಾವಿ ಹಿಂದೆ? ಕದ್ದು?"

"ಹೌದ್ರಿ, ಕದ್ದು."

ಅದನ್ನು ಅವನು ಬರೆದುಕೊಂಡ.

ಶನಿವಾರ ಸಂಜೆ ಕಾರ್ಯಕ್ರಮ ಬಂತು. ದಾಕ್ಷಾಯಿಣಿ ತಲೆಸ್ನಾನ ಮಾಡಿ, ಟಿವಿಗೆ ಮಾಲೆ ಹಾಕಿ, ಕಾಯಿ ಒಡೆದಳು. ಕೇರಿಯವರನ್ನೆಲ್ಲ ಕರೆದಿದ್ದಳು. ಸಮೃದ್ಧಿ ತೊಡೆಯ ಮೇಲೆ ಕೂತಿತ್ತು. ಪರದೆಯಲ್ಲಿ ಮಗಳ ವೇಷದ ಹುಡುಗಿ ಬಂದಳು. ಮಿಂಚುವ ಸೀರೆ, ತುಟಿಗೆ ಕೆಂಪು. ಬಾವಿಯ ಹಿಂದೆ ನಿಂತು ಫೋನಿನಲ್ಲಿ ಪಿಸುಗುಟ್ಟಿ ನಕ್ಕಳು. ನಗಾರಿಯ ಸದ್ದಿನ ನಡುವೆ ಒಂದು ಗಂಟಲು ಅರಚಿತು: "ಗಂಡ ದುಡಿಯಲು ಹೋದಾಗ ಕದ್ದು ಕದ್ದು ಮಾತಾಡುತ್ತಿದ್ದುದು ಯಾರ ಜೊತೆ?" ಪಕ್ಕದಲ್ಲೇ ಕುರುಚಲು ಗಡ್ಡದ ಗಂಡಸೊಬ್ಬ ಫೋನ್ ಹಿಡಿದು ನಗುತ್ತಿದ್ದ. ಆಮೇಲೆ ದಾಕ್ಷಾಯಿಣಿ ವಿಭೂತಿ ಹಚ್ಚುವ ದೃಶ್ಯ: "ಮಗಳ ಗುಟ್ಟು ಈ ತಾಯಿಗೂ ಗೊತ್ತಿತ್ತೇ?"

"ಆ ಫೋನ್ ನನಗ ಬರ್ತಿತ್ತು! ಆಕಿ ನನ್ನ ಜೋಡಿ ಮಾತಾಡ್ತಿದ್ಲು!" ದಾಕ್ಷಾಯಿಣಿ ಟಿವಿಗೆ ಕೂಗಿ ಹೇಳಿದಳು.

ಕೇರಿಯವರು ಒಂದು ಗಳಿಗೆ ತಲೆ ತಗ್ಗಿಸಿದರು. ಏಳಲಿಲ್ಲ ಮಾತ್ರ. ಜಾಹೀರಾತು ಮುಗಿಯುವವರೆಗೂ ಕಾದು, ಕೊನೆಯವರೆಗೂ ನೋಡಿಯೇ ಎದ್ದರು. ಪ್ರಸಾದದ ಕಾಯಿಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಫೋನ್ ಮಾಡಿದಾಗ ವೈಭವ, "ನಾವು ಪ್ರಶ್ನೆ ಕೇಳಿದ್ದೀವಿ ಅಷ್ಟೇ ಅಮ್ಮ. ಸುಳ್ಳೆಲ್ಲಿ ಹೇಳಿದ್ದೀವಿ? ಬರೀ ಅತ್ತೆ ಕಾಟ ಅಂದ್ರೆ ಈಗ ಯಾರು ನೋಡ್ತಾರೆ?" ಎಂದ. ಅವನ ನಾಲಿಗೆಗೆ ಹುಳ ಬೀಳಲಿ. ಆದರೆ ಅವನೊಬ್ಬನನ್ನೇ ಬೈದು ಏನು ಬಂತು? ದೇವರನ್ನು ನೋಡಲು ಚಪ್ಪಲಿ ಬಿಟ್ಟು ಬಂದ ಜನವೇ, ಅದೇ ಪಡಸಾಲೆಯಲ್ಲಿ ಕೂತು ನೆರೆಮನೆಯ ಹುಡುಗಿಯ ಮಾನ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿತಲ್ಲ!

ಸೋಮವಾರ ಶಾಲೆ ಬಿಡುವ ಹೊತ್ತಿಗೆ ದಾಕ್ಷಾಯಿಣಿ ಮೊಮ್ಮಗಳನ್ನು ಕರೆಯಲು ಹೋದಳು. ನೀರಿನ ಟಾಕಿಯ ಹಿಂದೆ ಮಕ್ಕಳು ಆಡುತ್ತಿದ್ದರು. ಸಮೃದ್ಧಿ ಖಾಲಿ ಕಡ್ಡಿಪೆಟ್ಟಿಗೆಯನ್ನು ಕಿವಿಗೆ ಹಿಡಿದು, ಸೊಂಟ ಓರೆ ಮಾಡಿ, ಪಿಸಿಪಿಸಿ ಅಂದು ನಗುತ್ತಿತ್ತು. ಒಬ್ಬ ಹುಡುಗ ಗಡ್ಡಮೀಸೆ ಬರೆದುಕೊಂಡು ಮರೆಯಲ್ಲಿ ನಿಂತಿದ್ದ. ಉಳಿದವರು ಬಾಯಲ್ಲೇ ನಗಾರಿ ಬಾರಿಸುತ್ತಿದ್ದರು.

ದಾಕ್ಷಾಯಿಣಿ ಕೂಸಿನ ರಟ್ಟೆ ಹಿಡಿದು ಮನೆಗೆ ದರದರ ಎಳೆದು ತಂದಳು. ಕೂಸು ದಾರಿಯುದ್ದಕ್ಕೂ ಅತ್ತಿತು. "ಅವ್ವನ ಪಾತ್ರ ಬ್ಯಾರೆಯವರಿಗೆ ಕೊಟ್ಟಿದ್ರು. ನಾನ ಜಗಳಾಡಿ ಇಸಕೊಂಡಿದ್ದೆ. ಯಾಕ ಬಿಡಸಿದಿ?"

ದಾಕ್ಷಾಯಿಣಿ ಪಡಸಾಲೆಯಲ್ಲಿ ಕುಕ್ಕರಿಸಿ, ಕೂಸಿನ ಮುಖ ಎರಡೂ ಕೈಯಲ್ಲಿ ಹಿಡಿದು, "ಕೇಳಿಲ್ಲೆ, ನಿಮ್ಮವ್ವ ನನ್ನ ಜೋಡಿ ಮಾತಾಡ್ತಿದ್ಲು. ಆ ಗಂಡಸು ಸುಳ್ಳ. ಎಲ್ಲಾ ಸುಳ್ಳ," ಎಂದಳು.

ಸಮೃದ್ಧಿ ಕೈ ಕೊಡವಿಕೊಂಡು ಗೋಡೆಯ ಕಡೆ ನೋಡಿತು. ಆ ಬೆಳಿಗ್ಗೆ ಅಜ್ಜಿ ಟಿವಿಯ ತಂಟೆಗೇ ಹೋಗಿರಲಿಲ್ಲ. ಮರೆತಿದ್ದಾಳೆಂದು ಕೂಸು ತಾನೇ ಸ್ಟೂಲು ಹತ್ತಿ, ಸೊಟ್ಟಗೆ ಮೂರು ಬೆರಳಿನ ವಿಭೂತಿ ಎಳೆದಿತ್ತು.

"ನೀನ ಸುಳ್ಳ ಹೇಳ್ತಿ ಅಜ್ಜಿ," ಎಂದಿತು. "ಟಿವ್ಯಾಗ ಸುಳ್ಳ ಬರಂಗಿಲ್ಲ."