ಮೂರನೇ ಬೆಂಚಿನ ಉದಾಹರಣೆ

ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಮೇಷ್ಟರಿಗೆ ಆ ವರ್ಷ ಒಂದು ಪೀಕಲಾಟ ಬಂತು. ಅವರ ಒಡಹುಟ್ಟಿದ ಅಕ್ಕ, ಮಕ್ಕಳ ಮದುವೆ ಮುಗಿಸಿ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಪಾಸಾಗಿ, ಬಂದು ಅವರದೇ ತರಗತಿಗೆ ಸೇರಿಕೊಂಡರು. ಸೇರಿದ ದಿನವೇ ಕರಾರು ಹಾಕಿದ್ದರು.

“ನೋಡು, ಒಳಗೆ ನೀನು ಸರ್, ನಾನು ಸ್ಟೂಡೆಂಟು. ಅಕ್ಕ ಅಂತ ಬಾಯಿ ಬಿಟ್ಟೆ ಅಂದ್ರೆ ನೋಡ್ಕೋ.”

ಒಬ್ಬನೇ ಮನುಷ್ಯ ಎರಡು ಪಾತ್ರಗಳ ನಡುವೆ ಸಿಕ್ಕಿ ಒದ್ದಾಡುವುದಕ್ಕೆ ಪಾತ್ರ ಸಂಘರ್ಷ ಎನ್ನುತ್ತಾರೆಂದು ಮೇಷ್ಟರು ವರ್ಷ ವರ್ಷವೂ ಪಾಠ ಮಾಡಿದವರೇ. ಅದನ್ನು ಅನುಭವಿಸಿದರೆ ಹೇಗಿರುತ್ತದೆಂದು ಗೊತ್ತಾದದ್ದು ಮಾತ್ರ, ಹಾಜರಿ ಕೂಗಿದಾಗ ಅಕ್ಕ ಎದ್ದು ನಿಂತು “ಎಸ್ ಸರ್” ಎಂದಾಗ.

ಆದರೂ ನಾಲಿಗೆಗೆ ಅಭ್ಯಾಸ ಅನ್ನುವುದೊಂದು ಇರುತ್ತದಲ್ಲ. ಕಾರ್ಯಾತ್ಮಕ ದೃಷ್ಟಿಕೋನದ ಪಾಠ ಬಂತು. ಸಮಾಜ ಒಂದು ದೇಹವಿದ್ದ ಹಾಗೆ, ಪ್ರತಿ ಅಂಗವೂ ತನ್ನ ಕೆಲಸ ತಾನು ಮಾಡಿದರೆ ದೇಹ ನೆಟ್ಟಗಿರುತ್ತದೆ ಎಂದು ಹೇಳಿದವರೇ, ಎಂದಿನ ಉದಾಹರಣೆಗೆ ಕೈ ಹಾಕಿದರು.

“ನಮ್ಮನೇನೇ ನೋಡಿ. ಅಮ್ಮನಿಗೆ ಹುಷಾರಿರಲಿಲ್ಲ. ನನ್ನಕ್ಕ ತಾನಾಗೇ ಸ್ಕೂಲು ಬಿಟ್ಲು. ತನ್ನ ಚೀಲಾನ ಕೈಯಾರೆ ನನ್ನ ಹೆಗಲಿಗೆ ಹಾಕಿ, ನೀನು ಓದೋ, ಮನೆ ನಾನು ನೋಡ್ಕೋತೀನಿ ಅಂದ್ಲು. ಮನೆ ನಿಂತಿತು.”

ಮಾಮೂಲಿನಂತೆ ಒಂದಿಬ್ಬರು ಕಣ್ಣೊರೆಸಿಕೊಂಡರು. ಆಗ ಮೇಷ್ಟರ ದೃಷ್ಟಿ ಮೂರನೇ ಬೆಂಚಿಗೆ ಹೋಯಿತು. ಉದಾಹರಣೆ ಅಲ್ಲೇ ಕೂತಿತ್ತು, ಕೈ ಎತ್ತಿಕೊಂಡು.

“ಸರ್, ಹಾಗಂತ ಅವರು ಹೇಳಿದ್ದು ನೀವೇ ಕೇಳಿದ್ರಾ?”

“ನಾನಾಗ ತುಂಬಾ ಚಿಕ್ಕವನು. ಅಪ್ಪ ಹೇಳ್ತಿದ್ರು.”

“ಚೀಲ ಕೊಟ್ಟಿದ್ದೂ ಅಪ್ಪನೇ ಇರಬೇಕು ಸರ್. ಆ ಹುಡುಗಿ ಕೈಯಿಂದ ಕಿತ್ಕೊಂಡು. ಅವಳನ್ನ ಯಾರೂ ಒಂದು ಮಾತೂ ಕೇಳಿರಲ್ಲ.”

ಅಕ್ಕ ಪ್ರೀತಿಯಿಂದ ಕೊಟ್ಟದ್ದು ಎಂಬ ನಂಬಿಕೆಯ ಮೇಲೆಯೇ ಮೇಷ್ಟರ ಓದು, ನೌಕರಿ, ನೆಮ್ಮದಿ ಎಲ್ಲ ಕೂತಿದ್ದವು. ಪಾಪ, ಮೇಷ್ಟರು ಬೇರೆ ದಾರಿ ಕಾಣದೆ ಹಲಗೆಯ ಕಡೆ ತಿರುಗಿ, ‘ಸಂಘರ್ಷ ದೃಷ್ಟಿಕೋನ’ ಎಂದು ಬರೆದರು. ಅಕ್ಷರ ಸೊಟ್ಟಗಾದವು.

“ಇವರು ಕೇಳಿದ್ದೇ ಇದು,” ಎಂದರು. “ಮನೆ ನಿಂತಿತು ಅಂದ್ರೆ ಸಾಲದು. ತೀರ್ಮಾನ ಮಾಡಿದ್ದು ಯಾರು, ಕಳ್ಕೊಂಡಿದ್ದು ಯಾರು, ಲಾಭ ಯಾರಿಗೆ ಅಂತ ಕೇಳ್ಬೇಕು. ಲಾಭ ಆಗಿದ್ದು ನನಗೆ.”

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು.

ಕಾಲೇಜಿನ ಗೇಟು ದಾಟಿದ ಮೇಲೆ ಅಕ್ಕ ಮತ್ತೆ ಅಕ್ಕನಾದರು.

“ಯಾಕೋ, ಮುಖ ಇಷ್ಟುದ್ದ ಮಾಡ್ಕೊಂಡಿದ್ದೀಯ?”

“ಇಷ್ಟು ವರ್ಷ ಯಾಕಕ್ಕ ಹೇಳಲಿಲ್ಲ?”

“ನೀನು ಯಾವತ್ತಾದ್ರೂ ಕೇಳಿದ್ಯಾ?”

ಮೇಷ್ಟರು ನಡೆಯುತ್ತಲೇ ಹೇಳಿದರು. “ನಾನು ಚೀಲ ಹಾಕ್ಕೊಂಡು ಹೊರಟಾಗ ನೀನು ನಗ್ತಾ ಕೈ ಬೀಸಿದ್ದು ನನಗೆ ಚೆನ್ನಾಗಿ ನೆನಪಿದೆ. ಖುಷಿಯಾಗಿದ್ದೀಯ ಅಂದ್ಕೊಂಡಿದ್ದೆ.”

“ಬೀದಿ ಕೊನೇಲಿ ತಿರುಗಿ ಮೊದಲು ಕೈ ಬೀಸಿದ್ದು ನೀನು. ನಾನು ಬೀಸದೆ ಇದ್ರೆ ನೀನು ಅತ್ತುಬಿಡ್ತಿದ್ದೆ. ಅದಕ್ಕೆ ಬೀಸಿದೆ. ಕೋಪ ಇತ್ತು ಕಣೋ, ಸುಳ್ಳು ಯಾಕೆ ಹೇಳ್ಲಿ. ನಿನ್ನ ಮೇಲೂ ಇತ್ತು.”

ಬೀಸಿದ ಕೈ ಒಂದೇ, ಅದಕ್ಕೆ ಇಬ್ಬರು ಕೊಟ್ಟುಕೊಂಡ ಅರ್ಥ ಬೇರೆ ಬೇರೆ. ಮುಂದಿನ ವಾರದ ಪಾಠ ಅದೇ, ಸಾಂಕೇತಿಕ ಅಂತರಕ್ರಿಯೆ. ಅದಕ್ಕೆ ಉದಾಹರಣೆ ಕೊಡುವ ಧೈರ್ಯ ಮಾತ್ರ ಮೇಷ್ಟರಲ್ಲಿ ಉಳಿದಿರಲಿಲ್ಲ. ತಾನು ಅಷ್ಟು ವರ್ಷ ವಿದ್ಯಾರ್ಥಿಗಳ ಕಣ್ಣೀರು ಗಿಟ್ಟಿಸಿದ್ದು ಅಕ್ಕನ ನಷ್ಟವನ್ನು ತ್ಯಾಗವೆಂದು ಹೇಳಿ ಎಂದು ಅವರಿಗೆ ನಾಚಿಕೆಯಾಯಿತು.

ಬಸ್ ಸ್ಟಾಪಿನಲ್ಲಿ ಜನ ತುಂಬಿದ್ದರು. ದಪ್ಪ ದಪ್ಪ ಪುಸ್ತಕ ತುಂಬಿಕೊಂಡ ಹೊಸ ಚೀಲ ಅಕ್ಕನ ಹೆಗಲನ್ನು ಒಂದು ಕಡೆಗೆ ವಾಲಿಸಿತ್ತು.

“ಕೊಡಕ್ಕ, ನಾನು ಹಿಡ್ಕೋತೀನಿ,” ಎಂದು ಮೇಷ್ಟರು ಕೈ ಚಾಚಿದರು.

ಅಕ್ಕ ಥಟ್ಟನೆ ಚೀಲವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

“ಈ ಸಲ ಕೊಡಲ್ಲ,” ಎಂದರು.

ಮೇಷ್ಟರು ಕೈ ಹಿಂದಕ್ಕೆ ತೆಗೆದುಕೊಂಡರು.