ಪಾಚಿಗೆ ಮೈಲುತುತ್ತ

ಚಾಮಯ್ಯ ಮುದ್ದೆ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ನಡುಮನೆಯಿಂದ ಕಪಾಳಕ್ಕೆ ಬಿದ್ದ ಏಟಿನ ಸದ್ದು ಬಂತು. ಎದ್ದು ಹೋಗಿ ನೋಡಿದರೆ ಮಗಳು ಶಾಂತಿ ಗೋಡೆಗೆ ಒರಗಿ ನಿಂತಿದ್ದಳು. ಅಳಿಯ ಕೃಷ್ಣಕುಮಾರ ಮೀನಿನ ತೊಟ್ಟಿಯ ಗಾಜಿನಿಂದ ಹಸಿರು ಲೋಳೆಯನ್ನು ಉಗುರಲ್ಲಿ ಕೆರೆದು ಅವಳ ಮೂಗಿನ ಮುಂದೆ ಹಿಡಿದಿದ್ದ. ಮಾವನನ್ನು ಕಂಡು ದನಿ ತಗ್ಗಿಸಿ, "ನೀವು ಊಟ ಮಾಡಿ ಮಾವ" ಎಂದ.

ಅದು ಉಪ್ಪುನೀರಿನ ತೊಟ್ಟಿ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಕೃಷ್ಣಕುಮಾರ ಮನೆಯೊಳಗೇ ಸಮುದ್ರ ಮಾಡಿಕೊಂಡಿದ್ದ. ಬಿಳಿ ಪಟ್ಟೆಯ ಕಿತ್ತಳೆ ಮೀನು, ಹೂವಿನಂತೆ ಅರಳುವ ಹವಳ, ಸೀಗಡಿ, ಪಾಚಿ ಮೇಯಲೆಂದೇ ತಂದ ಬಸವನಹುಳು. ಮೀನಿಗೆ ಹಾಕುವ ಕಾಳು ಹೆಚ್ಚಾದರೆ ಪಾಚಿ, ದೀಪ ಆರಿಸದಿದ್ದರೆ ಪಾಚಿ, ನಲ್ಲಿ ನೀರು ಸುರಿದರೆ ಪಾಚಿ. ಮೂರು ತಪ್ಪೂ ಶಾಂತಿಯ ತಲೆಗೇ ಬರುತ್ತಿತ್ತು. ಕಣ್ಣು ತೋರಿಸಲು ತನ್ನೂರು ಬಿಳಿಗೆರೆಯಿಂದ ಬಂದಿದ್ದ ಚಾಮಯ್ಯ ಆ ಏಟಿನ ಸದ್ದನ್ನು ಮೂರು ದಿನದಲ್ಲಿ ಎರಡು ಸಲ ಕೇಳಿದ್ದ.

"ದಿನಾ ಒಡೀತನಾ?" ಎಂದು ಅಡುಗೆಮನೆಯಲ್ಲಿ ಕೇಳಿದ.

"ಪಾಚಿ ಕಟ್ಟುದ್ರ ಮಾತ್ರ ಕನಪ್ಪ."

ಚಾಮಯ್ಯ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಪಾಚಿಯ ಜೊತೆ ಅವನದು ನಲವತ್ತು ವರ್ಷದ ಜಗಳ. ಗದ್ದೆಯ ನೀರಿನ ಮೇಲೆ ಅದು ಕಂಬಳಿಯಂತೆ ಹಬ್ಬಿದಾಗ ಕಾಲುವೆಯ ಬಾಯಿಗೆ ಮೈಲುತುತ್ತದ ನೀಲಿ ಹರಳಿನ ಗಂಟು ಕಟ್ಟಿದರೆ ಕೆಲವೇ ದಿನದಲ್ಲಿ ಹರಿದು ತಳ ಸೇರುತ್ತಿತ್ತು. ಪಾಚಿ ಹೋದರೆ ಏಟೂ ಹೋಗುತ್ತದೆ ಎಂದುಕೊಂಡ.

ಮರುದಿನ ಅಳಿಯ ಕೆಲಸಕ್ಕೆ, ಮಗಳು ಸಂತೆಗೆ ಹೋದ ಮೇಲೆ ಗೊಬ್ಬರದಂಗಡಿಯಿಂದ ಮೈಲುತುತ್ತ ತಂದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ತೊಟ್ಟಿಗೆ ನೀರು ಬೀಳುವ ಕೊಳವೆಯ ಕೆಳಗೆ ಇಳಿಬಿಟ್ಟ. ತಿಳಿನೀಲಿ ಮೋಡವೊಂದು ಮೆಲ್ಲಗೆ ಹರಡಿತು. ನೆಮ್ಮದಿಯಾಗಿ ಮಲಗಿ ನಿದ್ದೆ ಹೋದ.

ಮಗಳು ಕಿರುಚಿದ್ದಕ್ಕೆ ಎಚ್ಚರವಾಯಿತು. ಬಸವನಹುಳುಗಳು ಗಾಜಿನಿಂದ ಕಳಚಿ ಮರಳ ಮೇಲೆ ಮಗುಚಿ ಬಿದ್ದಿದ್ದವು. ಸೀಗಡಿಗಳು ಒಂದು ಮಗ್ಗುಲಾಗಿ ಕಾಲು ಬಡಿಯುತ್ತಿದ್ದವು. ಹವಳ ಮುದುಡಿಕೊಂಡಿತ್ತು. ಪಾಚಿ ಮಾತ್ರ ಹಾಗೇ ಇತ್ತು. ಗದ್ದೆಯಲ್ಲಿ ಹುಳು ಸತ್ತರೆ ಸಂತೋಷಪಡುವ ಮನುಷ್ಯ ಇಲ್ಲಿ ಮಗುಚಿದ ಹುಳುವೊಂದನ್ನು ಎತ್ತಿ ಮತ್ತೆ ಗಾಜಿಗೆ ಅಂಟಿಸಲು ನೋಡಿದ.

ಸಂಜೆ ಕೃಷ್ಣಕುಮಾರ ಬಂದ. ತೊಟ್ಟಿಗೆ ಕೈ ಹಾಕಿ ನೀಲಿ ಗಂಟನ್ನು ತೆಗೆದು ನೆಲಕ್ಕೆ ಬಡಿದ. ಶಾಂತಿಯ ಜಡೆ ಹಿಡಿದ.

"ಅಳೀಮಯ್ಯ, ಅದ ಆಕಿದ್ದು ನಾನು ಕನ್ರೀ," ಎಂದ ಚಾಮಯ್ಯ. "ಅವಳ್ಗ ಗೊತ್ತೇ ಇಲ್ಲ."

ಕೃಷ್ಣಕುಮಾರ ಮಾವನ ಕಡೆ ತಿರುಗಿದ. ಕೇಳಿಸಿಕೊಂಡ. ತಲೆಯನ್ನೂ ಆಡಿಸಿದ. ಆಮೇಲೆ ಶಾಂತಿಯ ಹಣೆಯನ್ನು ಗೋಡೆಗೆ ಅಪ್ಪಳಿಸಿದ.

ಚಾಮಯ್ಯನ ಕೈ ಅಳಿಯನ ಕತ್ತಿನ ಹಿಂಭಾಗಕ್ಕೆ ಹೋಯಿತು. ಎತ್ತಿನ ಹಗ್ಗ ಎಳೆದ ಕೈ ಅದು. ತೊಟ್ಟಿಯ ಅಂಚಿಗೆ ಎದೆ ಒತ್ತಿ, ಮುಖವನ್ನು ಉಪ್ಪುನೀರಿನೊಳಕ್ಕೆ ಅದುಮಿದ. ಗುಳ್ಳೆಗಳು ಬಂದವು. ನೀರು ಉಕ್ಕಿ ನೆಲಕ್ಕೆ ಚೆಲ್ಲಿತು. "ನೀ ಒಡಿಯದು ಪಾಚಿಗಲ್ವಲ್ಲ ಲೇ," ಎನ್ನುತ್ತಿದ್ದ, "ಪಾಚಿಗಲ್ವಲ್ಲ." ಗುಳ್ಳೆ ಕಮ್ಮಿಯಾದರೂ ಕೈ ಸಡಿಲಲಿಲ್ಲ.

ಶಾಂತಿ ಹಣೆಯ ರಕ್ತ ಒರೆಸದೆ ನೋಡುತ್ತಿದ್ದಳು. ತಡವಾಗಿ ಹೇಳಿದಳು, "ಬುಡಪ್ಪ."

ಬಿಟ್ಟ. ಕೃಷ್ಣಕುಮಾರ ನೆಲದ ಮೇಲೆ ಬಿದ್ದು ವಾಂತಿ ಮಾಡಿಕೊಳ್ಳುತ್ತಿರುವಾಗ ಶಾಂತಿ ಎರಡು ಸೀರೆ ಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿದಳು.

ಬಿಳಿಗೆರೆ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹಣೆಗೆ ಒತ್ತಿದ್ದ ಸೆರಗು ಅಂಟಿಕೊಂಡಿತ್ತು. ಅದನ್ನು ಬಿಡಿಸಲೆಂದು ಚಾಮಯ್ಯ ಕೈ ಎತ್ತಿದ. ಶಾಂತಿ ಗಕ್ಕನೆ ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ಎಳೆದುಕೊಂಡಳು. ಅವನ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತು, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿತು.